ಪುಟ್ಟ ದೋಣಿಗೆ ಎಷ್ಟು ಹಾಯಿ?

ಕೊಡೇಕಲ್ಲಿನಿಂದ ನಾರಾಯಣಪುರದ ಕಡೆಗೆ ಹೋದವರಿಗೆ ಬಸವಸಾಗರದ ವಿಶಾಲವಾದ ನೀರು ಕಣ್ಣಿಗೆ ಬೀಳದಿರದು. ಕೃಷ್ಣೆಗೆ ಅಡ್ಡಲಾಗಿ ಕಟ್ಟಿ 1982ರಲ್ಲಿ ಮುಗಿಸಿದ ಈ ಅಣೆಕಟ್ಟಿನ ಉದ್ದ ಹತ್ತು ಕಿಲೋಮೀಟರಿಗೂ ಹೆಚ್ಚು. ಮುಂಗಾರಿನಲ್ಲಿ ಪಡುವಣ ಗಾಳಿಯು ಈ ನೀರಿನ ಮೇಲೆ ತಡೆಯೇ ಇಲ್ಲದೆ ಬೀಸುತ್ತದೆ. ಆದರೆ ಇಲ್ಲಿಯ ಬೆಸ್ತರ ಹರಿಗೋಲಿಗೆ ಹಾಯಿ ಇಲ್ಲ. “ಇಷ್ಟು ಗಾಳಿ ವ್ಯರ್ಥವಾಗುತ್ತಿದೆಯಲ್ಲ, ಹರಿಗೋಲಿಗೆ ಒಂದು ಹಾಯಿ ಕಟ್ಟಬಾರದೇಕೆ?” ಎಂದು ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದನು. ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಅಷ್ಟು ಸಣ್ಣದಲ್ಲ.

ಹರಿಗೋಲು ದುಂಡಗಿನ ಬುಟ್ಟಿ. ಅದಕ್ಕೆ ಹಿಂದು ಮುಂದು ಎಂಬುದಿಲ್ಲ. ಎತ್ತ ನೂಕಿದರೂ ನೀರು ಒಂದೇ ಸಮನಾಗಿ ತಡೆಯುತ್ತದೆ. ಗಾಳಿ ನೂಕಿದ ಕಡೆಗೆ ತೇಲಿಹೋಗುವುದಲ್ಲದೆ ಬೇರೆ ದಾರಿ ಅದಕ್ಕಿಲ್ಲ. ಹಾಯಿ ಉಪಯೋಗಕ್ಕೆ ಬರಬೇಕಾದರೆ ದೋಣಿಯು ಮುಂದಕ್ಕೆ ಸುಲಭವಾಗಿ ಜಾರಬೇಕು, ಪಕ್ಕಕ್ಕೆ ಜಾರಬಾರದು. ಎಂದರೆ ಅದು ಉದ್ದವಾಗಿ, ಕಿರಿದಾಗಿ ಇರಬೇಕು. ನೀರಿನೊಳಗೆ ಇಳಿಬಿಟ್ಟ ಒಂದು ತಡೆಹಲಗೆಯೂ ಬೇಕು. ಆದರೆ ಕಿರಿದಾದ ದೋಣಿ ಬೇಗನೆ ಮಗುಚುತ್ತದೆ. ಉತ್ತರಧ್ರುವದ ಸಮೀಪದ ಇನುಯಿಟ್ ಜನರು ತೊಗಲಿನಿಂದ ಕಟ್ಟುತ್ತಿದ್ದ ‘ಕಯಾಕ್’ ಇಂತಹುದು. ಅದರಲ್ಲಿ ಕುಳಿತವನು ತನ್ನ ಮೈಯ ತೂಕವನ್ನು ಸದಾ ಎಚ್ಚರದಿಂದ ಹೊಂದಿಸಿಕೊಳ್ಳುತ್ತಿರಬೇಕು.

ಈ ತೊಡಕಿಗೆ ಪರಿಹಾರವು ನಮ್ಮ ಕೃಷ್ಣಾತೀರದಲ್ಲಿಯೇ ಇದೆ. ಹೊಳೆ ದಾಟುವವರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಈಜುವುದನ್ನು ಇಲ್ಲಿಯ ಹಿರಿಯರು ಬಲ್ಲರು. ಬುರುಡೆ ನೀರಿನಲ್ಲಿ ಮುಳುಗಿದಷ್ಟೂ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಇದು ಆರ್ಕಿಮಿಡೀಸನ ತತ್ವ. ಅದೇ ಬುರುಡೆಗಳನ್ನು ಮೈಗೆ ಕಟ್ಟದೆ, ಉದ್ದವಾದ ಗಳುಗಳ ತುದಿಗೆ ಕಟ್ಟಿ ದೋಣಿಯ ಎರಡು ಪಕ್ಕಗಳಿಗೂ ಚಾಚಿದರೆ ಏನಾಗುವುದು? ದೋಣಿ ಬಲಕ್ಕೆ ವಾಲಿದೊಡನೆ ಬಲದ ತೇಲುಬುರುಡೆ ಮುಳುಗತೊಡಗಿ ಅದನ್ನು ಎತ್ತಿಹಿಡಿಯುತ್ತದೆ. ಕಾರವಾರದ ಕಡೆಯ ಮೀನುದೋಣಿಗಳಿಗೆ ಒಂದೇ ಪಕ್ಕದಲ್ಲಿ ಕಟ್ಟುವ ತೇಲುಮರದ ಗುಟ್ಟೂ ಇದೇ. ಎರಡು ಪಕ್ಕಕ್ಕೂ ತೇಲು ಇರುವ ದೋಣಿಗೆ ‘ಟ್ರೈಮರನ್’ ಎಂದು ಹೆಸರು. ತಮಿಳಿನ ‘ಕಟ್ಟುಮರಂ’ ಇಂಗ್ಲಿಷಿಗೆ ಹೋಗಿ ‘ಕ್ಯಾಟಮರಾನ್’ ಆಯಿತು. ಅದರ ಬಾಲವನ್ನು ಕತ್ತರಿಸಿ ಮೂರು ಎಂಬ ಅರ್ಥದ ‘ಟ್ರೈ’ಗೆ ಅಂಟಿಸಿದುದರಿಂದ ಈ ಪದ ಹುಟ್ಟಿತು. ಕಟ್ಟು ಹೋಗಿ ಮರ ಮಾತ್ರ ಉಳಿಯಿತೆನ್ನಬಹುದು!

ಕಯಾಕಿಗೆ ಎರಡು ತೇಲುಗಳನ್ನೂ ಒಂದು ಹಾಯಿಯನ್ನೂ ಜೋಡಿಸಿದ ದೋಣಿಗಳನ್ನು ಈಚಿನ ದಶಕಗಳಲ್ಲಿ ಕಾರ್ಖಾನೆಗಳೇ ತಯಾರಿಸಿವೆ. ಅಮೆರಿಕದ ಹೋಬಿ ಕಂಪನಿಯ ‘ಟ್ಯಾಂಡೆಮ್ ಐಲ್ಯಾಂಡ್’ ಎಂಬುದನ್ನು ತೆಗೆದುಕೊಳ್ಳೋಣ. ಉದ್ದ ಹದಿನೆಂಟೂವರೆ ಅಡಿ, ತೇಲುಗಳನ್ನು ಚಾಚಿದಾಗ ಅಗಲ ಹತ್ತು ಅಡಿ, ಹಾಯಿಯ ವಿಸ್ತೀರ್ಣ 90 ಚದರ ಅಡಿ, ಎಂದರೆ ಸುಮಾರು 8.4 ಚದರ ಮೀಟರ್. ಇಂತಹ ದೋಣಿ ಕೈಗೆ ಬಂದವರಿಗೆ ಸ್ವಲ್ಪ ದಿನಗಳಲ್ಲಿಯೇ ಇನ್ನೊಂದು ಹಾಯಿ ಕಟ್ಟುವ ಆಸೆ ಹುಟ್ಟುತ್ತದೆ. ಮಂದವಾದ ಗಾಳಿಯಲ್ಲಿ ಒಂದು ಹಾಯಿ ಸಾಲದೆಂಬುದು ನಿಜ. ಆದರೆ ಆಸೆಗೆ ಮೊದಲು ಲೆಕ್ಕ ಮಾಡಬೇಕು.

ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ (ಗಂಟೆಗೆ 18 ಕಿಲೋಮೀಟರ್) ಇರಲಿ. ಆಗ ಹಾಯಿಯ ಪ್ರತಿ ಚದರ ಮೀಟರಿನ ಮೇಲೆ ಬೀಳುವ ಬಲ ಸುಮಾರು 18 ನ್ಯೂಟನ್. ಇಡೀ ಹಾಯಿಯ ಮೇಲೆ ಸುಮಾರು 150 ನ್ಯೂಟನ್. ಕೆಟ್ಟ ಸನ್ನಿವೇಶವನ್ನೇ ಊಹಿಸಿ, ಇದೆಲ್ಲವೂ ಪಕ್ಕಕ್ಕೆ ಒತ್ತುತ್ತಿದೆಯೆಂದೂ, ಬಲದ ಕೇಂದ್ರ ನೀರಿನಿಂದ 2.5 ಮೀಟರ್ ಮೇಲಿದೆಯೆಂದೂ ಇಟ್ಟುಕೊಳ್ಳೋಣ. ಬಲವನ್ನು ದೂರದಿಂದ ಗುಣಿಸಿದರೆ ಬರುವುದು ಬಲಭ್ರಾಮಕ. ಇಲ್ಲಿ ದೋಣಿಯನ್ನು ಮಗುಚುವ ಭ್ರಾಮಕ ಸುಮಾರು 375 ನ್ಯೂಟನ್-ಮೀಟರ್. ಇದನ್ನು ತಡೆಯುವುದು ಪಕ್ಕದ ತೇಲು. ಅದರ ಗಾತ್ರ 60 ಲೀಟರ್, ನಡುದೋಣಿಯಿಂದ ಅದರ ದೂರ 1.4 ಮೀಟರ್ ಎಂದಾದರೆ, ಅದು ಪೂರ್ತಿ ಮುಳುಗಿದಾಗ ಕೊಡುವ ಎದುರು ಭ್ರಾಮಕ ಸುಮಾರು 820. ಇದಕ್ಕಿಂತ ಒಂದಿಷ್ಟೂ ಹೆಚ್ಚು ಅದು ಕೊಡಲಾರದು.

ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದೆಂಬುದನ್ನು ಮರೆಯಬಾರದು. ಮೇಲಿನ ಅಂಕೆಗಳಂತೆ ಗಂಟೆಗೆ ಸುಮಾರು 27 ಕಿಲೋಮೀಟರ್ ಗಾಳಿಗೆ ತೇಲಿನ ಶಕ್ತಿ ಮುಗಿಯುತ್ತದೆ. ಈಗ ಮುಂಭಾಗದಲ್ಲಿ 4 ಚದರ ಮೀಟರಿನ ಇನ್ನೊಂದು ಹಾಯಿ ಕಟ್ಟೋಣ; ಅದರ ಬಲಕೇಂದ್ರ 2 ಮೀಟರ್ ಎತ್ತರದಲ್ಲಿರಲಿ. ಲೆಕ್ಕ ಹಾಕಿದರೆ ಅಪಾಯದ ಗೆರೆ 27ರಿಂದ ಸುಮಾರು 23ಕ್ಕೆ ಇಳಿಯುತ್ತದೆ. ದೊರೆತ ಲಾಭವೆಷ್ಟು? ಹಾಯಿ ಹೆಚ್ಚುಕಡಿಮೆ ಒಂದೂವರೆಪಟ್ಟು ಆದರೂ, ನೀರಿನ ತಡೆಯೂ ವೇಗದ ವರ್ಗದಂತೆ ಏರುವುದರಿಂದ ದೋಣಿಯ ವೇಗ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿದರೆ ದೊಡ್ಡದು.

ದೋಣಿಯಲ್ಲಿರುವವನು ಗಾಳಿ ಬರುವ ಪಕ್ಕಕ್ಕೆ ಸರಿದು ಕುಳಿತರೆ ಒಳ್ಳೆಯ ಸಹಾಯವಾಗುತ್ತದೆ. 65 ಕಿಲೋಗ್ರಾಂ ತೂಕದವನು ಒಂದು ಮೀಟರ್ ಹೊರಗೆ ಕುಳಿತರೆ ಸುಮಾರು 640 ನ್ಯೂಟನ್-ಮೀಟರ್ ಸೇರುತ್ತದೆ. ತೇಲು ಕೊಡುವುದರ ಮುಕ್ಕಾಲು ಪಾಲು! ಆದರೆ ಏಪ್ರಿಲ್-ಮೇ ತಿಂಗಳ ಗುಡುಗುಮಳೆಗೆ ಮುಂಚೆ ನುಗ್ಗುವ ಬಿರುಗಾಳಿಯು, ಆತ ಸರಿದು ಕೂಡುವವರೆಗೆ ಕಾಯುವುದಿಲ್ಲ. ಇಂತಹ ದೋಣಿಯ ದೊಡ್ಡ ದೋಷವೂ ಇಲ್ಲಿಯೇ ಇದೆ. ಅಡಿಯಲ್ಲಿ ಭಾರವಿರುವ ಹಡಗು ವಾಲಿದರೂ ತಾನಾಗಿ ಎದ್ದೀತು. ಮೂರು ತೇಲುಗಳ ದೋಣಿ ನೆಟ್ಟಗಿರುವಾಗ ಎಷ್ಟು ಸ್ಥಿರವೋ ಬುಡಮೇಲಾದಾಗಲೂ ಹೆಚ್ಚುಕಡಿಮೆ ಅಷ್ಟೇ ಸ್ಥಿರ. ತೇಲುವ ಅಂಗಿಯನ್ನು ತೊಡದೆ ಇದನ್ನು ಏರುವವನ ಧೈರ್ಯವನ್ನು ನಾನು ಮೆಚ್ಚಲಾರೆ.

ಇನ್ನೊಂದು ತೊಡಕು ಹಾಯಿಕಂಬದ್ದು. ಈ ದೋಣಿಗಳ ಕಂಬ ಬುಡದ ಗೂಡಿನಲ್ಲಿ ನಿಲ್ಲುತ್ತದೆ, ಹಗ್ಗಗಳ ಆಸರೆ ಇಲ್ಲ. ಕಂಬವನ್ನೇ ತಿರುಗಿಸಿ ಹಾಯಿಯನ್ನು ಅದಕ್ಕೆ ಸುತ್ತಿಬಿಡಬಹುದು. ಆದರೆ ಮುಂದಿನ ಹಾಯಿಯನ್ನು ಕಟ್ಟಲು ಕಂಬದಿಂದ ಮೂತಿಗೆ ಹಗ್ಗ ಬಿಗಿಯಬೇಕು. ಒದ್ದೆ ಸೀರೆಯನ್ನು ಹರವಿದ ಹಗ್ಗ ಜೋಲದಂತೆ ಮಾಡಲು ಎಷ್ಟು ಎಳೆಯಬೇಕೆಂಬುದನ್ನು ನೀವು ಮನೆಯಲ್ಲಿ ನೋಡಿರಬಹುದು. ನಾಲ್ಕು ಮೀಟರ್ ಉದ್ದದ ಹಗ್ಗದ ಮೇಲೆ 36 ನ್ಯೂಟನ್ ಗಾಳಿಯೊತ್ತಡ ಹರಡಿದ್ದು, ಅದು ನಾಲ್ಕೇ ಸೆಂಟಿಮೀಟರ್ ಬಾಗಬೇಕಾದರೆ ಹಗ್ಗದ ಸೆಳೆತ 450 ನ್ಯೂಟನ್ ಆಗಬೇಕು. ಹನ್ನೆರಡೂವರೆಪಟ್ಟು! ಈ ಎಳೆತಕ್ಕೆ ಕಂಬ ಬಾಗದಂತೆ ಹಿಂದಕ್ಕೂ ಪಕ್ಕಕ್ಕೂ ಹಗ್ಗ ಕಟ್ಟಬೇಕು. ಅವುಗಳ ಭಾರ ಅಡ್ಡತೊಲೆಗಳ ಮೇಲೆ ಬೀಳುತ್ತದೆ. ತೊಲೆಯ ಆಧಾರದಲ್ಲಿ ತಯಾರಕರು ಬೇಕೆಂದೇ ಪ್ಲಾಸ್ಟಿಕ್ಕಿನ ಒಂದು ದುರ್ಬಲ ಬೆಣೆ ಇಟ್ಟಿರುತ್ತಾರೆ. ಮಿತಿಮೀರಿದ ಹೊಡೆತ ಬಿದ್ದಾಗ ಅದು ಮುರಿದು ದೋಣಿಯನ್ನು ಉಳಿಸುತ್ತದೆ. ವಿದ್ಯುತ್ತಿನ ಫ್ಯೂಸ್ ತಂತಿಯಂತೆಯೇ ಎನ್ನಿ. ಅದು ಮುರಿಯಿತೆಂದು ಉಕ್ಕಿನ ಬೆಣೆ ಹಾಕಿದರೆ ಮುಂದೆ ಮುರಿಯುವುದು ದೋಣಿಯ ಒಡಲು.

ಮೂರನೆಯದು ದಿಕ್ಕಿನ ಪ್ರಶ್ನೆ. ನಾವು ಒಂದೂವರೆ ಅಡಿ ಉದ್ದದ ಬೆಂಡಿನ ದೋಣಿಗೆ ಎರಡು ತೇಲು, ಕೆಳಗೆ ತಗಡಿನ ತಡೆಹಲಗೆ, ಮೇಲೆ ಪೋಸ್ಟ್‌ಕಾರ್ಡಿನ ಹಾಯಿ ಜೋಡಿಸಿ, ನೀರಿನ ತೊಟ್ಟಿಯಲ್ಲಿ ಬಿಟ್ಟು, ಮೇಜಿನ ಫ್ಯಾನಿನಿಂದ ಪಕ್ಕಕ್ಕೆ ಗಾಳಿ ಹಾಕಿದೆವು. ಒಂದೇ ಹಾಯಿ ಇದ್ದಾಗ ದೋಣಿ ಮೆಲ್ಲನೆ ಗಾಳಿಯ ಕಡೆಗೆ ಮೂತಿ ತಿರುಗಿಸಿ ನಿಂತಿತು. ಮೂತಿಯಲ್ಲಿ ಇನ್ನೊಂದು ಕಾರ್ಡು ಸಿಕ್ಕಿಸಿದಾಗ ಗಾಳಿಗೆ ಬೆನ್ನು ತಿರುಗಿಸಿ ಓಡಿ ತೊಟ್ಟಿಯ ಗೋಡೆಗೆ ಬಡಿಯಿತು. ಕಾರಣ ಸ್ಪಷ್ಟ: ಹಾಯಿಗಳ ಒಟ್ಟು ಬಲಕೇಂದ್ರವು ತಡೆಹಲಗೆಗಿಂತ ಮುಂದಕ್ಕೆ ಸರಿಯಿತು. ಚುಕ್ಕಾಣಿ ಕೈತಪ್ಪಿದಾಗ ತಾನಾಗಿ ನಿಲ್ಲುವ ದೋಣಿಗೂ ತಾನಾಗಿ ಓಡಿಹೋಗುವ ದೋಣಿಗೂ ಇರುವ ವ್ಯತ್ಯಾಸ ನೀರಿಗೆ ಬಿದ್ದವನಿಗೆ ಚೆನ್ನಾಗಿ ತಿಳಿಯುತ್ತದೆ.

ಅರ್ಧ ಕಾರ್ಡನ್ನು ಹಿಂಭಾಗದಲ್ಲಿ ಚುಚ್ಚಿದಾಗ ಮಾದರಿ ಮತ್ತೆ ನೆಟ್ಟಗೆ ಸಾಗಿತು. ನಿಜವಾದ ದೋಣಿಗೂ ಹೀಗೆ ಹಿಂದೆ ಒಂದು ಕಿರುಹಾಯಿ ಕೊಡಬಹುದು, ಇಲ್ಲವೆ ತಡೆಹಲಗೆಯನ್ನು ಮುಂದಕ್ಕೆ ಸರಿಸಬಹುದು. ಗಾಳಿ ಬಲವಾದಾಗ ಮೊದಲು ಸುತ್ತಬೇಕಾದುದು ಮುಂದಿನ ಹಾಯಿ. ನಡುವಣ ಹಾಯಿಯನ್ನು ಕಂಬಕ್ಕೆ ಅರ್ಧ ಸುತ್ತಿ, ಹಿಂದಿನ ಕಿರುಹಾಯಿಯನ್ನು ಕೊನೆಯವರೆಗೂ ಬಿಟ್ಟುಕೊಳ್ಳಬೇಕು. ಅದು ಮೂತಿಯನ್ನು ಗಾಳಿಗೆ ಎದುರಾಗಿ ಹಿಡಿದಿರುತ್ತದೆ. ನಮ್ಮ ತೊಟ್ಟಿಯಲ್ಲಿ ಮುಂದಿನ ಎರಡು ಕಾರ್ಡುಗಳನ್ನೂ ಕಿತ್ತು ಫ್ಯಾನನ್ನು ಪೂರ್ಣ ವೇಗಕ್ಕೆ ತಿರುಗಿಸಿದಾಗ, ಆ ಅರ್ಧ ಕಾರ್ಡಿನ ದೋಣಿ ಗಾಳಿಗೆ ಮುಖವೊಡ್ಡಿ, ಒಂದೊಂದೇ ಗೇಣು ಹಿಂದಕ್ಕೆ ಸರಿಯುತ್ತ, ಮಗುಚದೆ ನಿಂತಿತ್ತು.