ಹೆದರಿಕೆಗೊಂದು ಟಿಕೇಟು

ಒಬ್ಬೊಬ್ಬರಿಗೆ ಒಂದೊಂದು ಚಪಲ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರಿಗೆ ಹಳೆಯ ನಾಣ್ಯಗಳ ಮೋಹ, ಇನ್ನೊಬ್ಬರಿಗೆ ಎಲೆಯಡಿಕೆ. ಕೊಡಗಿನ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಅಂಟಿರುವುದು ರೋಲರ್ ಕೋಸ್ಟರಿನ ಚಪಲ. ಹಳಿಯ ಮೇಲೆ ಏರಿ, ಉರುಳಿ, ತಲೆಕೆಳಗಾಗಿ ಮರಳಿ ಬರುವ ಆ ಗಾಡಿಯನ್ನು ಕಂಡರೆ ನನ್ನ ವಯಸ್ಸು, ಪದವಿ, ಕನ್ನಡಕ ಮೂರೂ ಮರೆತುಹೋಗುತ್ತವೆ. ರೈಲು ಹಳಿಯೇ ಇಲ್ಲದ ಜಿಲ್ಲೆಯವನಿಗೆ ಇದೆಂತಹ ಹಳಿಯ ಹುಚ್ಚು ಎಂದು ಮಿತ್ರರು ನಗುವುದುಂಟು. ಮನೆಯಾಕೆಯ ಆಕ್ಷೇಪ ಇನ್ನೂ ಹರಿತವಾದದ್ದು: "ದುಡ್ಡು ಕೊಟ್ಟು ತಲೆ ತಿರುಗಿಸಿಕೊಂಡು ಬರಬೇಕೆ? ಸಂಪಾಜೆ ಘಟ್ಟದ ಬಸ್ಸಿನ ಹಿಂದಿನ ಸೀಟು ನಿಮಗೆ ಸಾಲದೇನು?"

ಸಾಲದು. ಏಕೆ ಸಾಲದೆಂಬುದನ್ನು ಹೇಳಲೆಂದೇ ಈ ಲೇಖನ.

ನನ್ನ ಮೊದಲ ರೋಲರ್ ಕೋಸ್ಟರು ಅಡಿಕೆಯ ಹಾಳೆ. ಮನೆಯ ಹಿಂದಿನ ಬಾಣೆಯ ಇಳಿಜಾರಿನಲ್ಲಿ ಬೇಸಗೆಯ ಒಣಹುಲ್ಲು ಎಣ್ಣೆ ಸವರಿದಂತೆ ನುಣುಪಾಗಿರುತ್ತಿತ್ತು. ಹಾಳೆಯ ಮೇಲೆ ಕುಳಿತು, ಗರಿಯ ತುದಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕಾಲೆತ್ತಿದರೆ ಸಾಕು, ಕೆಳಗಿನ ಕಾಫಿ ತೋಟದ ಬೇಲಿಯವರೆಗೂ ಹೊಟ್ಟೆಯಲ್ಲಿ ಚಿಟ್ಟೆ ಹಾರಿದ ಅನುಭವ. ಆಟಕ್ಕೆ ಒಂದೇ ಒಂದು ಕಟ್ಟಳೆಯಿತ್ತು. ದೊಡ್ಡಪ್ಪನ ಮಗ ಅಣ್ಣ ಬೇಲಿಯ ಬಳಿ ನಿಂತಿರುತ್ತಿದ್ದ. ಕೆಳಗೆ ಬಿದ್ದವರು ಎದ್ದು ಬದಿಗೆ ಸರಿದು, ಅಣ್ಣ ಕೈಯೆತ್ತಿ "ಬಾ" ಎಂದಮೇಲೆಯೇ ಮೇಲಿನವನು ಹೊರಡಬೇಕು. ಅವಸರ ಮಾಡಿದವನಿಗೆ ಆ ದಿನ ಹಾಳೆಯಿಲ್ಲ. ಆ ಎತ್ತಿದ ಕೈಯ ಬೆಲೆ ಆಗ ನನಗೆ ತಿಳಿದಿರಲಿಲ್ಲ.

ನಮ್ಮ ಹಾಳೆಯಾಟಕ್ಕೂ ಲೋಕದ ರೋಲರ್ ಕೋಸ್ಟರಿಗೂ ಇರುವ ನಂಟು ಬರಿಯ ಕಲ್ಪನೆಯಲ್ಲ. 18ನೆಯ ಶತಮಾನದ ರಷ್ಯದಲ್ಲಿ ಚಳಿಗಾಲ ಬಂತೆಂದರೆ ಮರದ ಎತ್ತರದ ಅಟ್ಟಣೆ ಕಟ್ಟಿ, ಅದರ ಇಳಿಜಾರಿಗೆ ನೀರು ಸುರಿದು ಹೆಪ್ಪುಗಟ್ಟಿಸಿ, ಅದರ ಮೇಲೆ ಜಾರುತ್ತಿದ್ದರು. ಹಿಮವಿಲ್ಲದ ಪ್ಯಾರಿಸ್ಸಿನಲ್ಲಿ 1817ರ ಹೊತ್ತಿಗೆ ಅದಕ್ಕೆ ಗಾಲಿ ಬಂತು. ಫ್ರೆಂಚರು ಇಂದಿಗೂ ರೋಲರ್ ಕೋಸ್ಟರನ್ನು 'ರಷ್ಯದ ಗುಡ್ಡ'ಗಳೆನ್ನುತ್ತಾರೆ. ರಷ್ಯನ್ನರು ಮಾತ್ರ ಅದನ್ನು 'ಅಮೆರಿಕದ ಗುಡ್ಡ'ಗಳೆಂದು ಕರೆಯುತ್ತಾರೆ! ಅಮೆರಿಕದಲ್ಲಿ ಇದರ ಮೂಲ ಕಲ್ಲಿದ್ದಲು. ಪೆನ್ಸಿಲ್ವೇನಿಯದ ಮಾಕ್ ಚಂಕ್ ಎಂಬಲ್ಲಿ 1827ರಲ್ಲಿ ಗಣಿಯ ಕಲ್ಲಿದ್ದಲನ್ನು ಬೆಟ್ಟದಿಂದ ಕೆಳಗಿಳಿಸಲು ಹಳಿ ಹಾಕಿದರು. ತುಂಬಿದ ಗಾಡಿಗಳು ತಮ್ಮ ಭಾರಕ್ಕೆ ತಾವೇ ಇಳಿಯುತ್ತಿದ್ದವು. ಖಾಲಿ ಗಾಡಿಗಳನ್ನು ಹೇಸರಗತ್ತೆಗಳು ಮೇಲಕ್ಕೆಳೆಯುತ್ತಿದ್ದವು. ಇಳಿಯುವಾಗ ಆ ಹೇಸರಗತ್ತೆಗಳೂ ಗಾಡಿಯಲ್ಲೇ ಸವಾರಿ ಮಾಡುತ್ತಿದ್ದವು. ಬರಬರುತ್ತ ಜನರೂ ಸುಖಕ್ಕಾಗಿ ಹತ್ತಿದರು. 1884ರಲ್ಲಿ ಲಮಾರ್ಕಸ್ ಥಾಂಪ್ಸನ್ ಎಂಬಾತ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಕೇವಲ ವಿನೋದಕ್ಕಾಗಿ ಅಂತಹ ಹಳಿ ಹಾಕಿ, ತಲೆಗೆ ಐದು ಸೆಂಟಿನಂತೆ ವಸೂಲು ಮಾಡಿದ. ವೇಗ ಗಂಟೆಗೆ ಸುಮಾರು 10 ಕಿಲೋಮೀಟರು. ನಮ್ಮ ಹಾಳೆಯೇ ಅದಕ್ಕಿಂತ ಬಿರುಸು.

ಇಂದಿನ ಯಂತ್ರದ ಒಳಗುಟ್ಟನ್ನು ನನಗೆ ಹೇಳಿಕೊಟ್ಟವರು ಭೌತಶಾಸ್ತ್ರ ವಿಭಾಗದ ಮಿತ್ರರು. ಪರೀಕ್ಷಾ ಮೇಲ್ವಿಚಾರಣೆಯ ಬಿಡುವಿನಲ್ಲಿ ಒಂದು ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ಅವರು ವಿವರಿಸಿದ್ದು ಇಷ್ಟು. ಸಾಮಾನ್ಯ ರೋಲರ್ ಕೋಸ್ಟರಿನ ಗಾಡಿಯಲ್ಲಿ ಎಂಜಿನ್ನಿಲ್ಲ. ಸರಪಳಿಯೊಂದು ಅದನ್ನು ಮೊದಲ ಗುಡ್ಡದ ನೆತ್ತಿಗೆ ಎಳೆದು ಬಿಟ್ಟುಬಿಡುತ್ತದೆ; ಮುಂದಿನದೆಲ್ಲ ಆ ಎತ್ತರದ ಕೊಡುಗೆ. 30 ಮೀಟರು ಇಳಿದರೆ, ಘರ್ಷಣೆಯ ನಷ್ಟವನ್ನು ಬಿಟ್ಟು, ತಳದಲ್ಲಿ ಗಂಟೆಗೆ ಸುಮಾರು 87 ಕಿಲೋಮೀಟರು ವೇಗ. ಗಾಲಿಗಳಲ್ಲಿ ಮೂರು ಬಗೆ: ಹಳಿಯ ಮೇಲೆ ಓಡುವುದೊಂದು, ಬದಿಯನ್ನು ಒತ್ತಿ ಹಿಡಿಯುವುದೊಂದು, ಹಳಿಯ ಅಡಿಯಿಂದ ತಬ್ಬಿಕೊಂಡಿರುವುದೊಂದು. ಜಾನ್ ಮಿಲ್ಲರ್ ಎಂಬ ಅಮೆರಿಕನ್ನನು 1919ರಲ್ಲಿ ಪೇಟೆಂಟು ಪಡೆದ ಈ ಅಡಿಗಾಲಿಯಿಂದಾಗಿಯೇ ಗಾಡಿ ಹಳಿ ಬಿಟ್ಟು ಹಾರದು. ಗುಡ್ಡವೇರುವಾಗ ಎದೆ ನಡುಗಿಸುವ 'ಕಟಕಟ' ಸದ್ದು ಇದೆಯಲ್ಲ, ಅದು ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಕೊಂಡಿಯು ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು. ನಾವು ಹೆದರುವ ದನಿಯೇ ನಮ್ಮನ್ನು ಕಾಯುವ ದನಿ!

ಸುತ್ತುಹಳಿಯ ಕಥೆಯೂ ಹೀಗೆಯೇ. 1895ರಲ್ಲಿ ಕೋನಿ ಐಲೆಂಡಿನಲ್ಲಿ ಪೂರ್ಣವೃತ್ತದ ಸುತ್ತೊಂದನ್ನು ಕಟ್ಟಿದ್ದರು; ಹತ್ತಿದವರ ಕುತ್ತಿಗೆ ಉಳುಕುತ್ತಿತ್ತು. ಸುತ್ತು ವೃತ್ತಾಕಾರವಾಗಿರಬಾರದು, ನೀರಹನಿಯಂತೆ ಬುಡದಲ್ಲಿ ಅಗಲವಾಗಿ ನೆತ್ತಿಯಲ್ಲಿ ಕಿರಿದಾಗಿರಬೇಕು ಎಂಬ ಲೆಕ್ಕವನ್ನು ಜರ್ಮನಿಯ ವೆರ್ನರ್ ಸ್ಟೆಂಗೆಲ್ ಸಾಧಿಸಿದಮೇಲೆ, 1976ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜನ ಸುಖವಾಗಿ ತಲೆಕೆಳಗಾದರು.

ಇನ್ನು ನನ್ನ ಅಭಿಪ್ರಾಯಗಳು. ಮುಂದಿನ ಸೀಟು ನೋಟಕ್ಕೆ, ಹಿಂದಿನ ಸೀಟು ಅನುಭವಕ್ಕೆ. ಮುಂದಿನ ಗಾಡಿಗಳು ಇಳಿಯತೊಡಗಿದಮೇಲೆ ಹಿಂದಿನದನ್ನು ನೆತ್ತಿಯ ಮೇಲಿಂದ ಸೆಳೆದೊಯ್ಯುವುದರಿಂದ ಅಲ್ಲಿ ಕುಳಿತವನು ಆಸನದಿಂದ ಮೇಲೇಳುವ ಆ ಕ್ಷಣವೇ ಸವಾರಿಯ ಸಾರ. ಊಟವಾದೊಡನೆ ಹತ್ತಬಾರದು. ಸಾಲಿನಲ್ಲಿ ಕಾಯುವುದು ಕಾಲಹರಣವಲ್ಲ, ಅದು ನಾಂದಿ. ಎತ್ತರವೊಂದೇ ಹಿರಿಮೆಯಲ್ಲ. 2005ರಲ್ಲಿ ನ್ಯೂಜೆರ್ಸಿಯಲ್ಲಿ ತೆರೆದ ಕಿಂಗ್ಡಾ ಕಾ 139 ಮೀಟರು ಎತ್ತರವಿತ್ತು. 2024ರಲ್ಲಿ ಮುಚ್ಚಿತು, 2025ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. 1927ರಲ್ಲಿ ಕಟ್ಟಿದ ಕೋನಿ ಐಲೆಂಡಿನ ಸೈಕ್ಲೋನ್ ಕೇವಲ 26 ಮೀಟರಿನದು. ಇಂದಿಗೂ ಜನ ಅದಕ್ಕೆ ಸಾಲು ನಿಲ್ಲುತ್ತಾರೆ. ನಮ್ಮಲ್ಲಿಯೂ ಇಂತಹ ತಾಣಗಳಿಗೆ ಆಯುಸ್ಸುಂಟು: 1984ರಲ್ಲಿ ದೆಹಲಿಯಲ್ಲಿ ತೆರೆದ ಅಪ್ಪು ಘರ್ 2008ರಲ್ಲಿ ಮುಚ್ಚಿತು, 1989ರ ಮುಂಬಯಿಯ ಎಸ್ಸೆಲ್ ವರ್ಲ್ಡ್ 2022ರಲ್ಲಿ.

ಆದರೆ ಒಂದು ಉದ್ಯಾನ ಒಳ್ಳೆಯದೋ ಅಲ್ಲವೋ ಎಂಬುದನ್ನು ಅಳೆಯುವ ನಿಜವಾದ ಅಳತೆಗೋಲು ಬೇರೆಯೇ ಇದೆ. ಅದನ್ನು ನಾನು ಕಲಿತದ್ದು ಬಿಡದಿಯಲ್ಲಿ.

ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ನಮ್ಮ ಕಾಲೇಜುಗಳ ಪ್ರವಾಸಕ್ಕೆ ತಪ್ಪದ ತಾಣ. ಮಡಿಕೇರಿಯಿಂದ ನಸುಕಿನಲ್ಲಿ ಹೊರಟರೆ ಬಾಗಿಲು ತೆರೆಯುವ ಹೊತ್ತಿಗೆ ಸೇರಬಹುದು. ಅಲ್ಲಿಯ ರಿಕಾಯಿಲ್ ಎಂಬ ಸವಾರಿ, ಮುಂದಕ್ಕೆ ತಲೆಕೆಳಗಾಗಿ ಸಾಗಿದ ಹಾದಿಯಲ್ಲೇ ಮತ್ತೆ ಬೆನ್ನು ಮುಂದಾಗಿ ನಮ್ಮನ್ನು ಹಿಂತಿರುಗಿಸುತ್ತದೆ. ಹೋದ ಸಲ ಮಗಳನ್ನೂ ಕರೆದೊಯ್ದಿದ್ದೆ. ತಿಂಗಳಿನಿಂದ ಅವಳಿಗೆ ಅದೇ ಧ್ಯಾನ. ಸಾಲು ಕರಗಿ ನಮ್ಮ ಸರದಿ ಬಂದಾಗ, ಬಾಗಿಲಲ್ಲಿದ್ದ ಯುವಕ ಅವಳನ್ನು ಅಳತೆಯ ಗೆರೆಯ ಬಳಿ ನಿಲ್ಲಿಸಿದ. ಎರಡು ಬೆರಳು ಕಡಿಮೆ.

"ಬರುವ ವರ್ಷ ಬಾ ಪುಟ್ಟಿ," ಎಂದ ಅವನು. ಮಗಳ ಕಣ್ಣು ತುಂಬಿತು. ನಾನು ನನ್ನ ಉಪನ್ಯಾಸಕತನವನ್ನೆಲ್ಲ ಉಪಯೋಗಿಸಿದೆ: ದೂರದಿಂದ ಬಂದಿದ್ದೇವೆ, ಧೈರ್ಯದ ಹುಡುಗಿ, ನಾನು ಪಕ್ಕದಲ್ಲೇ ಕೂರುತ್ತೇನೆ. "ಆಗುವುದಿಲ್ಲ ಸಾರ್. ಭುಜದ ಪಟ್ಟಿ ದೊಡ್ಡವರ ಅಳತೆಗೆ ಮಾಡಿದ್ದು," ಎಂದ. ದನಿಯಲ್ಲಿ ಸಿಡುಕಿಲ್ಲ, ಸಡಿಲವೂ ಇಲ್ಲ. ಆ ಸಿಟ್ಟಿಗೆ ನಾನೂ ಸವಾರಿ ಮಾಡದೆ ಮರಳಿದೆ. ಮಡಿಕೇರಿ ಬರುವವರೆಗೂ ಮಗಳು ನನ್ನೊಡನೆ ಮಾತಾಡಲಿಲ್ಲ.

ಕೆಲವು ತಿಂಗಳ ಅನಂತರ ಜಾತ್ರೆಯೊಂದಕ್ಕೆ ಹೋದೆವು. ಊರಿನ ಹೆಸರು ಬೇಡ. ಬತ್ತಾಸು, ಬಳೆ, ಬಲೂನುಗಳ ನಡುವೆ ದೀಪ ಬಿಗಿದ ತೊಟ್ಟಿಲು ತಿರುಗುತ್ತಿತ್ತು. ಅಲ್ಲಿ ಗೆರೆಯಿಲ್ಲ, ಅಳತೆಯಿಲ್ಲ. ಬಿಡದಿಯಲ್ಲಿ ಮಗಳಿಗಾದ ನಿರಾಶೆಯನ್ನು ತೀರಿಸಿಬಿಡೋಣವೆಂದು ಇಬ್ಬರೂ ಹತ್ತಿದೆವು. ಎರಡನೆಯ ಸುತ್ತಿನಲ್ಲಿ ನಾವು ನೆತ್ತಿಯಲ್ಲಿದ್ದಾಗ ಅವಳ ಬದಿಯ ಚಿಲಕ ಕಳಚಿ ಬಾಗಿಲು ಹೊರಕ್ಕೆ ತೆರೆದುಕೊಂಡಿತು. ಒಂದು ಕೈಯಲ್ಲಿ ಅವಳ ನಡುವನ್ನೂ ಇನ್ನೊಂದು ಕೈಯಲ್ಲಿ ಕಂಬಿಯನ್ನೂ ಹಿಡಿದು ಉಳಿದ ಸುತ್ತುಗಳನ್ನು ಕಳೆದೆ. "ನಿಲ್ಲಿಸಿ" ಎಂದು ಕೂಗಿದರೆ ಉಳಿದವರೂ ಅದನ್ನು ಆಟದ ಕೂಗೆಂದೇ ತಿಳಿದು ಕೂಗಿದರು. ಮಗಳಿಗೂ ಅದು ಆಟವೇ. "ಅಪ್ಪ, ಕೈ ನೋಯ್ತಿದೆ ಬಿಡಿ," ಎಂದು ನಗುತ್ತಿದ್ದಳು. ಇಳಿದಮೇಲೆ ತೊಟ್ಟಿಲಿನ ಹುಡುಗನಿಗೆ ಚಿಲಕ ತೋರಿಸಿದೆ. ಅವನು ಒಂದು ತುಂಡು ಹಗ್ಗದಿಂದ ಅದನ್ನು ಕಟ್ಟಿ ಮುಂದಿನವರನ್ನು ಹತ್ತಿಸಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಊರಿಂದೂರಿಗೆ ಅಲೆದು ಆ ಚಕ್ರದ ಕೆಳಗೇ ಮಲಗುವವನು ಅವನು. ಹತ್ತಬಾರದೆಂದು ಹೇಳಬೇಕಾಗಿದ್ದವನು ನಾನು, ಹೇಳಲಿಲ್ಲ.

ತರಗತಿಯಲ್ಲಿ ರಸಪ್ರಕರಣವನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಭಯವೆಂಬ ಸ್ಥಾಯಿಭಾವವೇ ಪಾಕಗೊಂಡು ಭಯಾನಕ ರಸವಾಗುತ್ತದೆ; ರಂಗದ ಹುಲಿ ತನ್ನ ಮೇಲೆ ಹಾರದೆಂಬ ನೆಮ್ಮದಿ ಪ್ರೇಕ್ಷಕನಿಗಿರುವುದರಿಂದಲೇ ಅವನಿಗೆ ಅದು ಆಸ್ವಾದ್ಯ. ಆ ಮಾತಿನ ಅರ್ಥ ನನಗೆ ಮೈಗೆ ತಾಗಿದ್ದು ತೊಟ್ಟಿಲಿನ ನೆತ್ತಿಯಲ್ಲಿ. ಬಿಡದಿಯಲ್ಲಿ ಮಾರುವುದು ರಸ. ಅಂದು ನನ್ನನ್ನು ಹಿಡಿದದ್ದು ಬರಿಯ ಭಯ. ಎರಡರ ನಡುವೆ ಇರುವುದು ಎರಡು ಬೆರಳಿನ ಆ ಗೆರೆ, ಮತ್ತು "ಆಗುವುದಿಲ್ಲ" ಎನ್ನಬಲ್ಲ ಒಬ್ಬ ಮನುಷ್ಯ.

ಯಂತ್ರ ಎಷ್ಟೇ ದೊಡ್ಡದಾಗಲಿ, ಈ ಮಾತು ತಪ್ಪದು. ದೊಡ್ಡ ರೋಲರ್ ಕೋಸ್ಟರುಗಳಲ್ಲಿ ಹಳಿಯನ್ನು ಭಾಗಗಳಾಗಿ ವಿಂಗಡಿಸಿರುತ್ತಾರೆ; ಮುಂದಿನ ಭಾಗ ತೆರವಾಗದೆ ಹಿಂದಿನ ಗಾಡಿ ಹೊರಡದಂತೆ ಗಣಕಯಂತ್ರ ಕಾಯುತ್ತದೆ. ಬೇಲಿಯ ಬಳಿ ನಿಂತ ನಮ್ಮ ಅಣ್ಣನ ಕೆಲಸವೇ ಅದು. 2015ರ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದಲ್ಲಿ, ಹಳಿಯ ಮೇಲೆ ಖಾಲಿ ಗಾಡಿಯೊಂದು ನಿಂತಿದ್ದುದರಿಂದ ಯಂತ್ರ ತಾನಾಗಿ ಸವಾರಿಯನ್ನು ತಡೆದಿತ್ತು. ಯಂತ್ರವೇ ತಪ್ಪಿದೆಯೆಂದು ಬಗೆದ ಸಿಬ್ಬಂದಿ ತಡೆಯನ್ನು ಮೀರಿ ಜನ ತುಂಬಿದ ಗಾಡಿಯನ್ನು ಬಿಟ್ಟರು. ಡಿಕ್ಕಿಯಲ್ಲಿ ಇಬ್ಬರು ತರುಣಿಯರು ಕಾಲು ಕಳೆದುಕೊಂಡರು; ಮರುವರ್ಷ ನ್ಯಾಯಾಲಯ 50 ಲಕ್ಷ ಪೌಂಡು ದಂಡ ವಿಧಿಸಿತು. ನಮ್ಮ ದೇಶದಲ್ಲಿಯೇ 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ಸವಾರಿ ಮುರಿದುಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಹಬ್ಬದ ದಿನ ಮಕ್ಕಳನ್ನು ಹತ್ತಿಸುವ ಮೊದಲು ಆ ತೊಟ್ಟಿಲನ್ನು ಒಬ್ಬ ಎಂಜಿನಿಯರು ನೋಡಿ ಸಹಿ ಹಾಕಿರಬೇಕೆಂದು ಕೇಳುವುದು ರಸಭಂಗವಲ್ಲ, ರಸರಕ್ಷಣೆ.

ಹಾಗಾದರೆ ಕೊಡಗಿನಲ್ಲಿಯೂ ಒಂದು ರೋಲರ್ ಕೋಸ್ಟರು ಬರಲೆಂದು ಹಾರೈಸುತ್ತೀರಾ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇಲ್ಲ. ನಮ್ಮಲ್ಲಿಗೆ ಬರುವ ಪ್ರವಾಸಿಗರಿಗೆ ಸಾಹಸದ ಕೊರತೆಯಿಲ್ಲ. ಮಳೆಗಾಲದಲ್ಲಿ ಬರಪೊಳೆಯ ನೊರೆಯಲ್ಲಿ ದೋಣಿಯಿಳಿಸುತ್ತಾರೆ. 2008ರ 'ಗಾಳಿಪಟ' ಚಿತ್ರ 'ಮುಗಿಲುಪೇಟೆ'ಯೆಂದು ತೋರಿಸಿದಂದಿನಿಂದ ಮಾಂದಲಪಟ್ಟಿಗೆ ಜೀಪುಗಳ ಸಾಲು. ಆ ಕಲ್ಲುಹಾದಿಯ ಜೀಪಿನ ಹಿಂಬದಿಯಲ್ಲಿ ಕುಳಿತವನಿಗೆ ಯಾವ ರೋಲರ್ ಕೋಸ್ಟರೂ ಹೊಸತಲ್ಲ. ಚಾಲಕರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಬೆಟ್ಟಕ್ಕೆ ಅಡಿಗಾಲಿಯಿಲ್ಲ, ಅಳತೆಯ ಗೆರೆಯಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರುಗಳ ಕಡೆ ಬೆಟ್ಟಗಳೇ ಜಾರಿ ಮನೆ ತೋಟಗಳನ್ನು ಕೊಂಡೊಯ್ದುದನ್ನು ಕಂಡವರು ನಾವು. ಇಂತಹ ಇಳಿಜಾರನ್ನು ಕಡಿದು ಉಕ್ಕಿನ ಗುಡ್ಡ ನಿಲ್ಲಿಸುವುದು ಸಲ್ಲದು. ಸವಾರಿ ಬಿಡದಿಯಲ್ಲಿರಲಿ, ಐದು ಗಂಟೆ ಬಸ್ಸಿನಲ್ಲಿ ಕುಳಿತು ಹೋಗಲು ನನಗೆ ಬೇಸರವಿಲ್ಲ.

ಬಿಡದಿಯಿಂದ ಬಂದ ಮರುದಿನವೇ ಮಗಳು ಅಡುಗೆಮನೆಯ ಬಾಗಿಲುವಾಡದ ಮೇಲೆ ಸೀಸದಕಡ್ಡಿಯಿಂದ ಒಂದು ಗೆರೆ ಎಳೆದಿದ್ದಳು. ತಿಂಗಳಿಗೊಮ್ಮೆ ಅದರ ಕೆಳಗೆ ನಿಂತು ನನ್ನಿಂದ ಅಳೆಸಿಕೊಳ್ಳುತ್ತಾಳೆ. ಮೊನ್ನೆ ಹಿಮ್ಮಡಿಯನ್ನು ತುಸುವೇ ಎತ್ತಿ ನಿಂತಳು. ಗೆರೆ ತಲೆಗೆ ತಾಗಿತು. ನಾನು ಅವಳ ಪಾದದ ಕಡೆ ನೋಡಿದೆ.

"ಹಿಮ್ಮಡಿ ಕೆಳಗಿಡು," ಎಂದೆ.

ಇಟ್ಟಳು. ಇನ್ನೂ ಅರ್ಧ ಬೆರಳು ಬೇಕು. ಈ ಸಲ ಅವಳು ಅಳಲಿಲ್ಲ.