ಮೂರು ರಾಜ್ಯಗಳ ಗಡಿಯಲ್ಲಿ ಬಸ್ಸು, ಟಂಟಂ ಮತ್ತು ರಸ್ತೆ ರಾಜಕಾರಣ

ಬೀದರ್ ಜಿಲ್ಲೆಯ ಸಂಚಾರ ಸಮಸ್ಯೆ ಬೀದರ್ ನಗರದೊಳಗೆ ಹುಟ್ಟಿ ಅಲ್ಲೇ ಮುಗಿಯುವಂಥದ್ದಲ್ಲ. ತಾಲ್ಲೂಕು ಕೇಂದ್ರಗಳಾದ ಭಾಲ್ಕಿ, ಔರಾದ್ ಎರಡೂ ಬೀದರ್ ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿವೆ. ಜಿಲ್ಲಾ ಕಚೇರಿಗಳ ಕೆಲಸಕ್ಕೆ, ಕಾಲೇಜಿಗೆ, ಬ್ರಿಮ್ಸ್ ಆಸ್ಪತ್ರೆಗೆ ಎರಡೂ ತಾಲ್ಲೂಕಿನ ಜನ ಬೀದರ್‌ಗೇ ಬರಬೇಕು. ಭಾಲ್ಕಿಗೆ ವಿಕಾರಾಬಾದ್–ಪರಳಿ ರೈಲು ಮಾರ್ಗದ ಆಸರೆಯಿದೆ. ಔರಾದ್ ಪಟ್ಟಣಕ್ಕೆ ರೈಲೇ ಇಲ್ಲ. ಅಲ್ಲಿ ಬಸ್ಸು ತಪ್ಪಿದರೆ ಟಂಟಂ ಎಂಬ ಬಾಡಿಗೆ ಆಟೊ ಹತ್ತಬೇಕು, ಕ್ರೂಸರ್ ಜೀಪು ಕಾಯಬೇಕು, ಇಲ್ಲವೇ ಯಾರದಾದರೂ ಬೈಕಿನ ಹಿಂದೆ ಕೂರಬೇಕು.

ನಗರದ ಸ್ಥಿತಿ ಬೇರೆ ಬಗೆಯದು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರ್‌ನ ಹಳೆ ಊರಿಗೆ ಇಂದಿಗೂ ಕೋಟೆಗೋಡೆಯಿದೆ. ಶಾಹಗಂಜ್, ಫತೇ, ಮಂಗಲಪೇಟ್, ದುಲ್ಹನ್, ತಾಲಘಾಟ್ ದರ್ವಾಜಾಗಳು ಕುದುರೆ, ಬಂಡಿ, ಪಲ್ಲಕ್ಕಿಗಳಿಗೆಂದು ಕಟ್ಟಿದವು. ನಾಲ್ಕು ಬೀದಿ ಕೂಡುವಲ್ಲಿ 71 ಅಡಿ ಎತ್ತರದ ಚೌಬಾರಾ ನಿಂತಿದೆ. ಸ್ವಲ್ಪ ದೂರದಲ್ಲೇ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದೆ. ಇವುಗಳನ್ನು ಸರಿಸಿ ರಸ್ತೆ ಅಗಲ ಮಾಡಲು ಬರುವುದಿಲ್ಲ, ಮಾಡಲೂಬಾರದು. ಉಳಿಯುವ ದಾರಿ ಭಾರಿ ವಾಹನಗಳನ್ನು ಊರ ಹೊರಗೆ ತಿರುಗಿಸುವುದು, ವಾಹನ ನಿಲುಗಡೆಗೆ ಜಾಗ ಗೊತ್ತುಮಾಡುವುದು, ನಡೆಯುವವರಿಗೆ ಪಾದಚಾರಿ ಮಾರ್ಗ ಬಿಡಿಸಿಕೊಡುವುದು. ಇವು ಅಂಗಡಿಕಾರರ, ತಳ್ಳುಗಾಡಿಯವರ ದಿನದ ಗಳಿಕೆಯನ್ನು ಮುಟ್ಟುತ್ತವೆ. ಅದಕ್ಕೇ ಚುನಾಯಿತ ಸದಸ್ಯರು ಇವನ್ನು ಮುಂದೂಡುವುದು ಹೆಚ್ಚು. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ನಡೆದ ಸಚಿವ ಸಂಪುಟ ಸಭೆ ಬೀದರ್ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿಸಲು ಒಪ್ಪಿತು. ಅದರೊಂದಿಗೆ ಈ ಹೊಣೆಯ ತೂಕವೂ ಹೆಚ್ಚಿದೆ.

ಸರ್ಕಾರಿ ಬಸ್ಸು ಈ ಸೀಮೆಗೆ ಹೊಸದಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ಆರಂಭವಾಯಿತು. ಬೀದರ್ ಆಗ ಆ ಸಂಸ್ಥಾನದ ಜಿಲ್ಲೆ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 2000ದಲ್ಲಿ ಕಲಬುರಗಿ ಕೇಂದ್ರವಾಗಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು; ಅದೇ ಇಂದಿನ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ.

ಈಗಿನ ವಾದವೆಲ್ಲ 2023ರ ಜೂನ್ 11ರಂದು ಜಾರಿಗೆ ಬಂದ, ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯ ಸುತ್ತ ನಡೆಯುತ್ತಿದೆ. ಹೆಣ್ಣುಮಕ್ಕಳು ದುಡಿಮೆಗೆ, ಓದಿಗೆ, ಆಸ್ಪತ್ರೆಗೆ ಯಾರ ಮುಂದೂ ಕೈಚಾಚದೆ ಹೋಗುವಂತಾಯಿತು ಎಂಬುದು ಸರ್ಕಾರದ ಮಾತು. ನಿಗಮಗಳ ಬಾಕಿ ಬೆಳೆಯುತ್ತಿದೆ, ಬಸ್ಸು ಸಾಲುತ್ತಿಲ್ಲ ಎಂಬುದು ವಿರೋಧ ಪಕ್ಷಗಳ ಮಾತು. 2025ರ ಜನವರಿ 5ರಿಂದ ಬಸ್ ದರ ನೂರಕ್ಕೆ 15ರಷ್ಟು ಏರಿದಾಗ ಈ ಜಗಳ ಇನ್ನೂ ಬಿಸಿಯಾಯಿತು. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಔರಾದ್ ತಾಲ್ಲೂಕಿನ ತಾಂಡಾಗಳಿಗೆ ಬೇಕಾದ ಉತ್ತರ ಬೇರೆ: ಬಸ್ಸು ಊರೊಳಗೆ ಎಷ್ಟು ಹೊತ್ತಿಗೆ ಬರುತ್ತದೆ, ದಿನಾ ಬರುತ್ತದೆಯೇ? ಉಚಿತ ಟಿಕೆಟ್ಟಿಗೆ ಬೆಲೆ ಬರುವುದು ಬಸ್ಸು ಬಂದಾಗ ಮಾತ್ರ.

ಗಡಿ ಇನ್ನೊಂದು ತೊಡಕು. ಮಹಾರಾಷ್ಟ್ರ 2023ರ ಮಾರ್ಚ್‌ನಲ್ಲಿ ಮಹಿಳೆಯರಿಗೆ ಅರ್ಧ ದರ ತಂದಿತು, ತೆಲಂಗಾಣ ಅದೇ ವರ್ಷದ ಡಿಸೆಂಬರ್‌ನಲ್ಲಿ ತನ್ನ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟಿತು. ಶಕ್ತಿಯೂ ಸೇರಿ ಮೂರೂ ಸೌಲಭ್ಯಗಳು ಆಯಾ ರಾಜ್ಯದೊಳಗಿನ ಓಡಾಟವನ್ನು ನೋಡಿ ರೂಪಿಸಿದವು. ಮಹಾರಾಷ್ಟ್ರದ ಉದಗೀರ, ದೇಗಲೂರಿನ ಸಂತೆ, ನೆಂಟಸ್ತನ, ಆಸ್ಪತ್ರೆಗಳನ್ನು ನಂಬಿದ ಗಡಿಯ ಹಳ್ಳಿಗಳ ಬದುಕು ಆ ಗೆರೆಯನ್ನು ಲೆಕ್ಕಿಸುವುದಿಲ್ಲ. ಗಡಿಯಾಚೆ ಗಲಾಟೆಯಾದರೆ ಮೊದಲು ನಿಲ್ಲುವುದೂ ಬಸ್ಸೇ. 2023ರ ಅಕ್ಟೋಬರ್ ಕೊನೆಯಲ್ಲಿ ಮರಾಠಾ ಮೀಸಲಾತಿ ಚಳವಳಿಯ ವೇಳೆ ಭಾಲ್ಕಿಯಿಂದ ಪುಣೆಗೆ ಹೊರಟಿದ್ದ ನಿಗಮದ ಬಸ್ಸಿಗೆ ಮಹಾರಾಷ್ಟ್ರದ ಉಮರ್ಗಾ ಬಳಿ ಬೆಂಕಿ ಹಚ್ಚಲಾಯಿತು. ಮಹಾರಾಷ್ಟ್ರದ ಕಡೆಗಿನ ಓಡಾಟವನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಬಸ್ಸಿಲ್ಲದ ಹೊತ್ತನ್ನು ತುಂಬುವುದು ಟಂಟಂ. ಅದನ್ನು ಬರೀ ಕಾನೂನು ಮುರಿಯುವ ಗಾಡಿಯೆಂದು ಜರೆಯುವುದು ಅನ್ಯಾಯ, ಎಷ್ಟೋ ಹಳ್ಳಿಗಳಿಗೆ ಅದೇ ಸಾರ್ವಜನಿಕ ಸಾರಿಗೆ. ಆದರೆ ಮಿತಿಮೀರಿ ಜನ ತುಂಬಿದ, ತೆರೆದ ಬದಿಯ ಆ ಗಾಡಿ ಲಾರಿಗೆ ಎದುರಾದರೆ ಒಳಗಿದ್ದವರಿಗೆ ಯಾವ ರಕ್ಷಣೆಯೂ ಇಲ್ಲ. 2022ರ ನವೆಂಬರ್ 4ರಂದು ಇದೇ ಜಿಲ್ಲೆಯ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡಾ ಬಳಿ ಆಟೊ ಮತ್ತು ಲಾರಿ ಡಿಕ್ಕಿಯಾಗಿ, ಕೂಲಿ ಮುಗಿಸಿ ಮನೆಗೆ ಮರಳುತ್ತಿದ್ದ 7 ಮಹಿಳೆಯರು ಸತ್ತರು. ಇಂಥ ಸಾವುಗಳ ನಂತರ ಪರಿಹಾರ ಘೋಷಣೆಯಾಗುತ್ತದೆ. ಹೊಲದ ಕೆಲಸ ಬಿಡುವ ಹೊತ್ತಿಗೆ ಆ ದಾರಿಯಲ್ಲಿ ಬಸ್ಸು ಓಡಿಸಬಹುದೇ ಎಂಬ ಚರ್ಚೆ ಮಾತ್ರ ವಿರಳ. ಬಸ್ಸಿನ ವೇಳಾಪಟ್ಟಿಯನ್ನು ರಸ್ತೆ ಸುರಕ್ಷತೆಯ ವಿಷಯವೆಂದು ಈ ಜಿಲ್ಲೆಯ ರಾಜಕಾರಣ ಇನ್ನೂ ಕಂಡಿಲ್ಲ.

ಭಾಲ್ಕಿ ಕಡೆ ಕಬ್ಬು ಅರೆಯುವ ಹಂಗಾಮು ಬಂತೆಂದರೆ ಅಪಾಯ ಇಮ್ಮಡಿ. ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ಕತ್ತಲಲ್ಲಿ ಕಾರ್ಖಾನೆಯತ್ತ ಸಾಗುತ್ತವೆ. ಹಿಂದಿನಿಂದ ಬರುವ ಬೈಕಿನವನಿಗೆ ಅವು ಕಾಣುವುದು ತೀರ ಹತ್ತಿರಕ್ಕೆ ಬಂದ ಮೇಲೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ರಷ್ಟು ಜನ ದ್ವಿಚಕ್ರ ವಾಹನದವರು. ಟ್ರಾಲಿಗೆ ಅಂಟಿಸುವ ಕೆಂಪು ಪ್ರತಿಫಲಕ ಪಟ್ಟಿಗೆ ತಗಲುವ ಖರ್ಚು ಅತಿ ಕಡಿಮೆ. ಪಟ್ಟಿಯಿಲ್ಲದ ಗಾಡಿಯ ಕಬ್ಬು ತೂಗುವುದಿಲ್ಲ ಎಂದು ಕಾರ್ಖಾನೆಗಳು ಪಟ್ಟು ಹಿಡಿದರೆ ಒಂದೇ ಹಂಗಾಮಿನಲ್ಲಿ ಬದಲಾವಣೆ ಸಾಧ್ಯ.

ಹೊಣೆ ಯಾರದೆಂಬುದೇ ದೊಡ್ಡ ಗೊಂದಲ. ಹೆದ್ದಾರಿ ಕೇಂದ್ರದ್ದು, ಬಸ್ಸು ರಾಜ್ಯದ್ದು, ಊರ ಬೀದಿ ಸ್ಥಳೀಯ ಸಂಸ್ಥೆಯದ್ದು. 2014ರಿಂದ 2024ರವರೆಗೆ ಬೀದರ್ ಸಂಸದರಾಗಿದ್ದವರು ಬಿಜೆಪಿಯ ಭಗವಂತ ಖೂಬಾ, ನಂತರ ಗೆದ್ದವರು ಕಾಂಗ್ರೆಸ್ಸಿನ ಸಾಗರ್ ಖಂಡ್ರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಭಾಲ್ಕಿ ಕಾಂಗ್ರೆಸ್ಸಿನ ಈಶ್ವರ ಖಂಡ್ರೆಯವರನ್ನು, ಔರಾದ್ ಬಿಜೆಪಿಯ ಪ್ರಭು ಚವ್ಹಾಣರನ್ನು ಆರಿಸಿತು. ಹೀಗೆ ಅಧಿಕಾರ ಹಂಚಿಹೋದಲ್ಲಿ ಡಾಂಬರಿನ ಶ್ರೇಯಸ್ಸಿಗೆ ಪೈಪೋಟಿ ಇದ್ದಷ್ಟು ತಿರುವಿನ ಸಾವಿಗೆ ಉತ್ತರ ಕೊಡುವವರು ಇರುವುದಿಲ್ಲ. ಕಾನೂನಿನಲ್ಲಿ ದಾರಿಯಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ದೋಷದಿಂದ ಸಾವು, ಊನ ಸಂಭವಿಸಿದರೆ ಗುತ್ತಿಗೆದಾರರಿಗೂ ಹೊಣೆಗಾರ ಪ್ರಾಧಿಕಾರಕ್ಕೂ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳು ಒಂದೇ ಮೇಜಿಗೆ ಬರುತ್ತವೆ. ಬೀದರ್–ಔರಾದ್ ದಾರಿಯ ಅಪಘಾತ ತಾಣಗಳನ್ನೂ, ಆ ದಾರಿಯ ಸಂಜೆ ಬಸ್ಸುಗಳ ವೇಳೆಯನ್ನೂ ಒಟ್ಟಿಗೆ ಇಟ್ಟು ನೋಡಲು ಆ ಸಮಿತಿಗೆ ಹೊಸ ಅಧಿಕಾರವೇನೂ ಬೇಕಿಲ್ಲ.