ಉಳ್ಳಾಲದ ಮರಳಿಗೂ ನಮ್ಮ ಹಾಸನಕ್ಕೂ ಏನು ಸಂಬಂಧ?

ನಾನು ಅರಸೀಕೆರೆಯವನು. ಇಲ್ಲಿಂದ ಕಡಲು ನೋಡ್ಬೇಕಂದ್ರೆ ಘಾಟಿ ಇಳೀಬೇಕು. ನಮ್ಮ ಕಡೆ ಸಮುದ್ರ ಇರೋದು ಹೆಸರಲ್ಲಿ ಮಾತ್ರ: ಹಳೇಬೀಡಿನ ಹಳೇ ಹೆಸರು ದೋರಸಮುದ್ರ, ಅದೂ ಕೆರೆಯಿಂದ ಬಂದದ್ದು. ಆದ್ರೂ ಇವತ್ತು ಕಡಲ್ಕೊರೆತದ ಬಗ್ಗೆ ಮಾತಾಡೋಣ. ಯಾಕಂದ್ರೆ ಆ ಕಥೆಯ ಒಂದು ತುದಿ ನಮ್ಮ ಜಿಲ್ಲೆಯಲ್ಲೇ ಇದೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಕಡಲ ದಂಡೆ ನನಗೆ ಒಂದು ಖಾತೆ ಥರ ಕಾಣುತ್ತೆ. ಹೊಳೆಗಳು ತರೋ ಮರಳು ಜಮಾ, ಅಲೆಗಳು ಒಯ್ಯೋದು ಖರ್ಚು. ಮಳೆಗಾಲದ ದೊಡ್ಡ ಅಲೆಗಳು ಮರಳನ್ನ ಒಳಗೆ ಎಳೀತವೆ, ಆಮೇಲೆ ಸಣ್ಣ ಅಲೆಗಳು ವಾಪಸ್ ತರ್ತವೆ. ಜಮಾ ಕಮ್ಮಿಯಾದ್ರೆ ದಡ ಹಿಂದೆ ಸರಿಯುತ್ತೆ. ಕಡಲ ಮಟ್ಟ ಏರ್ತಿರೋದ್ರಿಂದ ನಷ್ಟ ಇನ್ನೂ ಜಾಸ್ತಿ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ 1990ರಿಂದ 2018ರವರೆಗಿನ ಅಧ್ಯಯನದ ಪ್ರಕಾರ ದೇಶದ ಕರಾವಳಿಯ ಮೂರನೇ ಒಂದು ಭಾಗ, ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಕೊರೆತಕ್ಕೆ ಸಿಕ್ಕಿದೆ.

ಸರಿ, ಕಲ್ಲು ಹಾಕಿದ್ರೆ ಆಗಲ್ವಾ? ನಮ್ಮ ಕೆರೆ ಏರಿಗೆ ಹಾಕ್ತಾರಲ್ಲ? ಕೆರೆಯ ಅಲೆಗೆ ಅದು ಸಾಕು. ಕಡಲಲ್ಲಿ ಅಲೆ ಗೋಡೆಗೆ ಬಡಿದು ತಿರುಗುವಾಗ ಬುಡದ ಮರಳನ್ನೇ ಎಳ್ಕೊಂಡು ಹೋಗುತ್ತೆ, ಕಲ್ಲು ಕುಸಿಯುತ್ತೆ. ಗೋಡೆ ಮುಗಿಯೋ ಕಡೆ ಪಕ್ಕದವರ ದಡ ಹೋಗುತ್ತೆ. ಅದಕ್ಕೇ ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವಿನಿಂದ ನೀರೊಳಗೆ ಎರಡು ರೀಫ್ ಕಟ್ಟಿದ್ರು, ಅಲೆ ದಡಕ್ಕೆ ಬರೋ ಮೊದಲೇ ಒಡೀಲಿ ಅಂತ. ಆದ್ರೆ ಅದರ ದಕ್ಷಿಣಕ್ಕಿರೋ ಸೋಮೇಶ್ವರ, ಉಚ್ಚಿಲದವರಿಗೆ ಮಳೆಗಾಲ ಬಂದ್ರೆ ಈಗಲೂ ಭಯ.

ಈಗ ಜಮಾ ಕಡೆ ನೋಡಿ. ಸಕಲೇಶಪುರದ ಎತ್ತಿನಹೊಳೆ ನೀರು ಕುಮಾರಧಾರೆಗೆ, ಅಲ್ಲಿಂದ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ಉಳ್ಳಾಲದ ಪಕ್ಕದಲ್ಲೇ ಕಡಲು ಮುಟ್ಟುತ್ತೆ. ದಾರಿಯಲ್ಲಿ ಮರಳು ಎತ್ತೋರಿದ್ದಾರೆ, ತುಂಬೆ ಅಣೆಕಟ್ಟಿದೆ. ಅದರ ಮೇಲೆ 24.01 ಟಿಎಂಸಿಯ ಎತ್ತಿನಹೊಳೆ ಯೋಜನೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಸಿಕ್ತು. ಅದರ ಕಾಲುವೆ ನಮ್ಮ ಬೇಲೂರು, ಅರಸೀಕೆರೆ ಕಡೆಯಿಂದಲೇ ಹೋಗುತ್ತೆ.

‘ಮಳೆಗಾಲದ ನೀರು ತಾನೇ, ಸುಮ್ನೆ ಕಡಲಿಗೆ ಹೋಗುತ್ತೆ’ ಅಂತ ನಾನೂ ಹೇಳ್ತಿದ್ದೆ. ಆದ್ರೆ ಹೊಳೆ ಮರಳು ಹೊರೋದೂ ಮಳೆಗಾಲದ ಪ್ರವಾಹದಲ್ಲೇ. ಸುಮ್ನೆ ಹೋಗೋದು ಯಾವುದೂ ಇಲ್ಲ.

ನೀರು ಬೇಡ ಅಂತ ನಾನು ಹೇಳಲ್ಲ. ಬತ್ತಿದ ಬೋರ್‌ವೆಲ್ ನೋಡಿ ಬೆಳೆದವನು ನಾನು. ಆದ್ರೆ ಎಷ್ಟು ಟಿಎಂಸಿ ಬಂತು ಅಂತ ಕೇಳೋವಾಗ, ಎಷ್ಟು ಮರಳು ಕೆಳಗೆ ಹೋಯ್ತು ಅಂತಲೂ ಕೇಳೋಣ. ಅಳಿವೆಯಲ್ಲಿ ಹೂಳೆತ್ತಿದ ಮರಳನ್ನ ವಾಪಸ್ ದಂಡೆಗೇ ಹಾಕ್ಲಿ, ಹೊಳೆ ಮರಳು ಎತ್ತೋದಕ್ಕೆ ಮಿತಿ ಇರ್ಲಿ. ಖರ್ಚಷ್ಟೇ ಬರೆದ ಖಾತೆ ಎಲ್ಲಿ ಉಳಿದಿದೆ ಹೇಳಿ?

ಮುಂದಿನ ವಾರ ಸಿಗೋಣ.